ಕಪ್ಪಿನ ಮೇಲೆ ಕಪ್ಪು ದಾರ

ಹರಿದ ಬಟ್ಟೆಗೆ ಎಳೆ ಸೇರಿಸಿ, ಹೊಲಿದ ಗುರುತೇ ಸಿಗದಂತೆ ರಫು ಮಾಡುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ನಾದಿನಿಯ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿದ ಮೇಜಿನ ಮುಂದೆ ಕೂತು ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಳು. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಸಿಗರೇಟಿನ ಕಿಡಿ ಬಿದ್ದ ಕೋಟು ಅವಳ ಕೈಯಿಂದ ಬಂತೆಂದರೆ, ತೂತು ಎಲ್ಲಿತ್ತೆಂದು ಕೊಟ್ಟವರೇ ತಡಕಾಡಬೇಕು.

ಎರಡೂ ಕಣ್ಣಿಗೆ ಪೊರೆ ಬಂತು. ಆಸ್ಪತ್ರೆಯವರು ಎರಡು ಬಗೆಯ ಲೆನ್ಸ್ ಇದೆ ಎಂದರು. ಒಂದಕ್ಕೆ ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕು, ಇನ್ನೊಂದಕ್ಕೆ ದೂರಕ್ಕೂ ಬೇಡ, ಹತ್ತಿರಕ್ಕೂ ಬೇಡ.

"ಸೂಜಿ ಹಿಡಿಯೋರಿಗೆ ಇನ್ನೇನು ಬೇಕು ಅತ್ತಿಗೆ? ಕಣ್ಣು ಮುಚ್ಕೊಂಡು ಒಪ್ಕೊಳ್ಳಿ," ಎಂದಳು ನಾದಿನಿ. ನರ್ಸ್ ಕೂಡ ನಕ್ಕಳು.

ಎರಡು ವಾರದ ಅಂತರದಲ್ಲಿ ಎರಡೂ ಆಪರೇಷನ್ ಸುಸೂತ್ರವಾಗಿ ಮುಗಿದವು. ಎದುರು ಕಟ್ಟಡದ ನಾಲ್ಕನೇ ಮಹಡಿಯ ಬೋರ್ಡು ಅಕ್ಷರ ಅಕ್ಷರವಾಗಿ ಕಂಡಿತು. ಆದರೆ ದೀಪ ಹಾಕಿದರೆ ಅದರ ಸುತ್ತ ಬಳೆಗಳು ಹರಡುತ್ತಿದ್ದವು. ಕಪ್ಪು ಬಟ್ಟೆಯ ಎಳೆಗಳು ಒಂದರೊಳಗೊಂದು ಕರಗಿ, ಮಸಿ ಬಳಿದ ಹಾಗಿದ್ದವು.

"ಕೊನೇ ಸಾಲನ್ನೂ ಓದಿಬಿಟ್ರಲ್ಲ," ಎಂದರು ಡಾಕ್ಟರು, ಗೋಡೆಯ ಅಕ್ಷರಪಟ್ಟಿ ತೋರಿಸಿ.

"ಅದು ಬಿಳಿ ಮೇಲೆ ಕಪ್ಪು, ಡಾಕ್ಟ್ರೇ. ನಾನು ಕಪ್ಪಿನ ಮೇಲೆ ಕಪ್ಪು ಹೊಲೀಬೇಕು."

ಅವರು ಪೆನ್ನು ಕೆಳಗಿಟ್ಟರು. ಈ ಲೆನ್ಸು ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ, ಅದರಿಂದ ಸಣ್ಣ ಸಣ್ಣ ಛಾಯೆಗಳು ಮಂಕಾಗುವುದುಂಟು ಎಂದರು. ತೆಗೆದು ಬೇರೆ ಹಾಕಬಹುದು, ಆದರೆ ಇರುವ ದೃಷ್ಟಿಗೂ ಸಂಚಕಾರ ಬರಬಹುದು. ಅಭ್ಯಾಸವಾಗುತ್ತದೇನೋ, ಆರು ತಿಂಗಳು ನೋಡೋಣ.

"ನೀವೇನು ಕೆಲಸ ಮಾಡ್ತೀರಿ ಅಂತ ನಮ್ಮವರು ಕೇಳಲಿಲ್ವಾ?"

ಯಾರೂ ಕೇಳಿರಲಿಲ್ಲ. ನಾದಿನಿಯ ಸೂಜಿಯ ಮಾತು ನಗೆಯಲ್ಲೇ ಹೋಗಿತ್ತು, ಅವಳಾಗಿ ಹೇಳಿರಲೂ ಇಲ್ಲ.

ಅಭ್ಯಾಸವಾಗಲಿಲ್ಲ. ದೊಡ್ಡ ದೀಪ ತಂದಿಟ್ಟರೆ ಕಣ್ಣು ಕುಕ್ಕಿತು. ಈ ನಡುವೆ ಕಪ್ಪು ಕೋಟುಗಳು ಬರುವುದೇ ನಿಂತಿತು. ಬರೀ ಬೂದು, ಕೆನೆಬಣ್ಣ, ಚೌಕಳಿ. ಜನರ ರುಚಿ ಬದಲಾಗಿರಬೇಕು ಎಂದುಕೊಂಡಳು.

ಒಂದು ಬೆಳಿಗ್ಗೆ ಕೌಂಟರಿನ ಕೆಳಗೆ ಟ್ಯಾಗು ಹುಡುಕುವಾಗ ಕಪ್ಪು ಕೋಟೊಂದು ಸಿಕ್ಕಿತು. ಪಿನ್ನು ಹಾಕಿದ್ದ ಚೀಟಿಯಲ್ಲಿ 'ಎಡ ತೋಳು, ರಫು ಆಗಿದೆ' ಎಂದಿತ್ತು. ಗುರುತಿಲ್ಲದ ಬರಹ. ಅತ್ತಿಗೆ ತೋಳಿನ ಮೇಲೆ ಬೆರಳಾಡಿಸುತ್ತಿದ್ದಾಗ ನಾದಿನಿ ಒಳಗೆ ಬಂದಳು.

"ಯಾವಾಗಿಂದ?"

ನಾದಿನಿ ಬಟ್ಟೆಗಂಟನ್ನು ಇಳಿಸದೆ ಹಾಗೆಯೇ ನಿಂತಳು. "ವಕೀಲರೊಬ್ಬರು ಕೋಟು ವಾಪಸ್ ತಂದಾಗಿನಿಂದ. ನೀವು ಹೊಲಿದಿದ್ದು ಬಿಸಿಲಲ್ಲಿ ಗಾಯದ ಹಾಗೆ ಎದ್ದು ಕಾಣ್ತಿತ್ತು ಅತ್ತಿಗೆ. ಪಕ್ಕದ ರಸ್ತೆಯವಳ ಹತ್ರ ಬಿಚ್ಚಿಸಿ ಮಾಡಿಸ್ದೆ."

"ನಂಗೆ ಹೇಳಬೇಕಿತ್ತು."

"ಯಾವ ಬಾಯಲ್ಲಿ ಹೇಳಲಿ? ಆ ಲೆನ್ಸೇ ಬೇಕು ಅಂತ ತಲೆ ತಿಂದವಳು ನಾನು."

ಅತ್ತಿಗೆ ಕೋಟನ್ನು ಮಡಿಸಿದಳು. ಬಹಳ ಹೊತ್ತು ಮಡಿಸಿದಳು.

"ಅವಳ ಕೈ ಪರವಾಗಿಲ್ಲ. ಎಳೆ ಸ್ವಲ್ಪ ಬಿಗಿ ಎಳೀತಾಳೆ. ಬಂದು ಇಲ್ಲೇ ಕೂತ್ಕೊಳ್ಳೋಕೆ ಹೇಳು, ಕಿಟಕಿ ಬೆಳಕು ಚೆನ್ನಾಗಿದೆ."

"ನೀವು?"

"ಚೀಟಿ ಬರೀತೀನಿ."

ಮುಂದಿನ ವಾರದಿಂದ ಅವಳು ಕೌಂಟರಿಗೆ ಬಂದಳು. ಕಣ್ಣು ಹೇಗಿದೆ ಎಂದು ಹಳೆಯ ಗಿರಾಕಿಗಳು ವಿಚಾರಿಸುತ್ತಿದ್ದರು. ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲದ್ದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.