ನಿಂತಿರುವ ಒಂದೇ ಮನೆ

ಯುದ್ಧ ಬಂದು ತಮ್ಮ ಊರು ನೆಲಸಮವಾದರೆ ಹೇಗಿರುತ್ತದೆ ಎಂದು ಮರದ ಹಲಗೆಯಲ್ಲಿ ಕೆತ್ತುತ್ತ ಕೂತ ತಂಗಿಗೆ ತಲೆ ಕೆಟ್ಟಿರಬೇಕು ಎಂದು ಊರೆಲ್ಲ ಅಂದರೂ ಅವಳು ಜಗಳಕ್ಕೆ ಹೋಗುತ್ತಿರಲಿಲ್ಲ. ಅಕ್ಕ ಅಂದಾಗ ಮಾತ್ರ ಹೋಗಿದ್ದಳು. "ಮರ ಕೆರೆಯೋದೂ ಒಂದು ಕೆಲಸಾನಾ?" ಎಂದಿದ್ದಳು ಅಕ್ಕ. ಅಷ್ಟಕ್ಕೇ ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಇಬ್ಬರ ಮನೆಯೂ ಒಂದೇ ರಸ್ತೆಯಲ್ಲಿ, ಎದುರುಬದುರು ನಿಂತ ಒಂದೇ ಥರದ ಎರಡು ಕಟ್ಟಡಗಳಲ್ಲಿ.

ರಸ್ತೆಯ ತುದಿಯಿಂದ ನೋಡಿದರೆ ಎಡಕ್ಕೆ ತಂಗಿಯದು, ಬಲಕ್ಕೆ ಅಕ್ಕನದು. ಹಲಗೆಯ ಮೇಲೂ ಹಾಗೇ ಕೆತ್ತಿದಳು. ಉಳಿ ಹಿಡಿದು ಮೇಲ್ಸೇತುವೆ ಮುರಿದಳು, ಗಾಜಿನ ಕಚೇರಿಗಳನ್ನು ಒಡೆದಳು, ಬಲಗಡೆಯ ಕಟ್ಟಡವನ್ನು ಬುಡಸಮೇತ ಕೆಡವಿದಳು. ಎಡಗಡೆಯದಕ್ಕೆ ಬಂದಾಗ ಕೈ ಏಳಲಿಲ್ಲ. ಒಂದಾದರೂ ನಿಂತಿರಲಿ ಎಂದು ಬಿಟ್ಟಳು. ಅಕ್ಕನದನ್ನು ಕೆಡವುವಾಗ ಸಿಟ್ಟಿತ್ತೇ? ಇತ್ತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ.

ಹಲಗೆಗೆ ಶಾಯಿ ಹಚ್ಚಿ, ಕಾಗದ ಹಾಸಿ, ಉಜ್ಜಿ ಅಚ್ಚು ಎತ್ತಿದಾಗ ತಪ್ಪು ಕಣ್ಣಿಗೆ ಬಿತ್ತು. ಹಲಗೆಯ ಎಡ ಕಾಗದದಲ್ಲಿ ಬಲವಾಗುತ್ತದೆ; ಅದಕ್ಕೇ ಚಿತ್ರವನ್ನು ತಿರುವಿ ಕೆತ್ತಬೇಕು. ಇಷ್ಟು ವರ್ಷ ಕೆತ್ತಿದವಳು ಅದನ್ನೇ ಮರೆಯುವುದೇ! ಬಿದ್ದ ಊರಿಗೆ ಎಡವೇನು, ಬಲವೇನು ಎನ್ನಬಹುದು; ಆದರೆ ಈ ಎರಡು ಮನೆಗಳ ಗತಿ? ಕಾಗದದ ಬಲಗಡೆ ಅಕ್ಕನ ಮನೆ ನೆಟ್ಟಗೆ ನಿಂತಿತ್ತು. ತಂಗಿಯದು ಮಣ್ಣುಪಾಲಾಗಿತ್ತು.

ಹರಿದು ಹಾಕಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅಕ್ಕ! ಕೈಯಲ್ಲಿ ಎಂದೋ ಇಲ್ಲಿಂದ ಒಯ್ದಿದ್ದ ಕೊಡೆ.

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ," ಎಂದಳು, ಮುಖ ಬಿಗಿದುಕೊಂಡೇ. ಆಮೇಲೆ ಮೇಜಿನತ್ತ ಕಣ್ಣು ಹೋಯಿತು. "ಅಯ್ಯೋ, ನಮ್ಮ ರಸ್ತೆ ಅಲ್ವೇನೇ ಇದು? ಇಲ್ಲಿರೋದು ನಮ್ಮನೆ. ನಿಮ್ಮನೆ ಎಲ್ಲೇ?"

ತಂಗಿ ಬಾಯಿ ತೆರೆದಳು. ಕೆಡವಿದ್ದು ನಿನ್ನದನ್ನೇ ಕಣೇ ಅನ್ನಲೇ? ಕೈತಪ್ಪಿನಿಂದ ಉಳೀತು ಅನ್ನಲೇ? ಹಾಗಾದರೆ ಬೇಕೆಂದೇ ಮಾಡಿದ್ದು ಯಾವುದು?

"ನಿಂದು ಕೆಡವಿ ನಂದು ಉಳಿಸಿದ್ದೀಯಲ್ಲೇ, ಪೆದ್ದೀ," ಎಂದಳು ಅಕ್ಕ. ಶಾಯಿ ಆರಿಲ್ಲವೆಂದು ನೋಡದೆ ಆ ನಿಂತ ಮನೆಯ ಮೇಲೆ ಬೆರಳಿಟ್ಟಳು. "ಹಿಂದಿನ ಕೋಣೆ ಖಾಲೀನೇ ಇದೆ. ಹಾಗೇನಾದ್ರೂ ಆದ್ರೆ ಸೀದಾ ಬಂದ್ಬಿಡು. ಬರ್ಲಾ ಅಂತ ಕೇಳ್ತಾ ನಿಲ್ಬೇಡ."

ತಂಗಿ ಹೂಂಗುಟ್ಟಿದಳು. ಅಳು ಬಂತು, ಯಾವುದಕ್ಕೆಂದು ಗೊತ್ತಾಗಲಿಲ್ಲ. ಅಕ್ಕ ಕೊಡೆ ಇಡಲು ಮೂಲೆಗೆ ತಿರುಗಿದಾಗ, ತನ್ನ ಮನೆಯೊಂದೇ ನಿಂತಿದ್ದ ಹಲಗೆಯನ್ನು ತಂಗಿ ಮೇಜಿನ ಮೇಲೆ ಮೆಲ್ಲಗೆ ಬೋರಲು ಹಾಕಿದಳು.