ಬುಟ್ಟಿಯಡಿಯ ಕೋಳಿ

ಕೊರೊತುಮು ವಡೆಯನ್ನು ಎರಡು ಹೋಳು ಮಾಡಿ ಮೂಸಿದಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಸೊಸೆ ನಾಬಿಂತುವಿನ ಮುಖ ನೋಡಿ, ಎರಡೂ ಹೋಳನ್ನು ತಟ್ಟೆಗೆ ವಾಪಸ್ಸಿಟ್ಟಳು.

“ನೀನೇ ತಿನ್ನಮ್ಮ. ಹತ್ತಿಬೀಜದ ವಿಷ ಗಂಡಸರಿಗೆ ತಾನೇ ಮಕ್ಕಳಾಗದ ಹಾಗೆ ಮಾಡೋದು.”

“ಅತ್ತೆ, ಈ ಬೀಜದಲ್ಲಿ ವಿಷ ಇಲ್ಲ ಅಂತ ಎಷ್ಟು ಸಲ ಹೇಳ್ಲಿ?”

“ಗಿಡದಲ್ಲಿ ಇದೆಯೋ ಇಲ್ವೋ?”

“ಎಲೇಲಿದೆ, ಕಾಂಡದಲ್ಲಿದೆ. ಹುಳ ಬರಬಾರದಲ್ಲ, ಅದಕ್ಕೆ. ಬೀಜದಲ್ಲಿ ಮಾತ್ರ ಇಲ್ಲ.”

“ತಾಯಿ ಮೈತುಂಬ ಚುಕ್ಕೆ, ಮಗೂಗೆ ಒಂದೂ ಇಲ್ಲ. ಇದ್ಯಾವ ಸೀಮೆ ಬಸಿರೇ?”

ಮಾವಿನ ಮರದಡಿ ಕೂತಿದ್ದ ಮಗ ಡೋಸೊಂಗಿ ನಕ್ಕು, ತಾಯಿ ಬಿಟ್ಟ ಎರಡು ಹೋಳನ್ನೂ ಬಾಯಿಗೆ ಹಾಕಿಕೊಂಡ. ಕೊರೊತುಮುವಿನ ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ.

ನಾಬಿಂತು ಮದುವೆಗೂ ಮುಂಚಿನಿಂದ, ಏಳು ವರ್ಷದಿಂದ, ಊರಾಚೆಯ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಬೀಜದ ಕೋಣೆಯ ಕೆಲಸದವಳು. ಪ್ರತಿ ಮೂಟೆಯಿಂದ ನೂರು ಬೀಜ ತೆಗೆದು, ಬ್ಲೇಡಿನಲ್ಲಿ ಸೀಳಿ, ಒಳಗೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳಿವೆಯೇ ನೋಡಬೇಕು. ಚುಕ್ಕೆಯೇ ವಿಷ. ಮಾಮೂಲಿ ಹತ್ತಿಬೀಜದಲ್ಲಿ ಅದು ಇದ್ದೇ ಇರುತ್ತದೆ. ಡಾಕ್ಟರ್ ಸಿಲುಯೆ ಎಂಟು ವರ್ಷ ಪ್ರಯೋಗಾಲಯದಲ್ಲಿ ಒದ್ದಾಡಿ ಮಾಡಿದ ಹೊಸ ತಳಿಯಲ್ಲಿ ಇರುವುದಿಲ್ಲ. ಮನುಷ್ಯರು ತಿನ್ನಬಹುದು ಅಂತ ರಾಜಧಾನಿಯಿಂದ ಒಪ್ಪಿಗೆಯೂ ಬಂದಿತ್ತು. ಕಳೆದ ಸುಗ್ಗಿಯಿಂದ ನಾಬಿಂತು ಅಲ್ಲಿ ಆ ಬೀಜ ಬೀಸಿ ಉಳಿದ ಹಿಟ್ಟು ಮನೆಗೆ ತಂದು, ಅಲಸಂದೆ ಹಿಟ್ಟಿಗೆ ಬೆರೆಸಿ ವಡೆ ಕರಿಯುತ್ತಿದ್ದಳು. ಆ ತಿಂಗಳ ಕೊನೆಯ ಶುಕ್ರವಾರ ಅದೇ ಹಿಟ್ಟಿನ ವಡೆಯನ್ನು ಊರ ಶಾಲೆಯ ಮಕ್ಕಳಿಗೆಲ್ಲ ಕೊಡುವುದಿತ್ತು.

ಮದುವೆಯಾಗಿ ನಾಲ್ಕು ವರ್ಷ, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಮೊದಲ ಮೂರು ವರ್ಷ ಕೊರೊತುಮು ಸೊಸೆಯ ಹೊಟ್ಟೆಯನ್ನು ದೂರಿದಳು. ನಾಲ್ಕನೆಯ ವರ್ಷ ಹಿಟ್ಟನ್ನು ದೂರತೊಡಗಿದಳು. ಅಷ್ಟರಮಟ್ಟಿಗೆ ನಾಬಿಂತುವಿಗೆ ಬಡ್ತಿ ಸಿಕ್ಕ ಹಾಗೆಯೇ ಅನ್ನಬೇಕು. ಆದರೆ ಮುದುಕಿ ಸುಮ್ಮನೆ ಕೂತಿರಲಿಲ್ಲ. ತಮ್ಮನ ಮಗಳನ್ನು ಎರಡನೆಯವಳಾಗಿ ತರುವ ಮಾತು ಆಡಿಬಿಟ್ಟಿದ್ದಳು. ಹಿರಿ ಹೆಂಡತಿ ತನ್ನ ಕೈಯಾರೆ ಹತ್ತು ಕೋಲಾ ಬೀಜ, ಹೆಣ್ಣು ಕೇಳುವಾಗ ಕೊಡುವ ಆ ಅಗಿಯುವ ಕಹಿ ಬೀಜ, ಒಯ್ದು ಕೊಟ್ಟು ಕೇಳಬೇಕು, ಆಗಲೇ ಹೆಣ್ಣಿನ ಮನೆಯವರಿಗೆ ಮರ್ಯಾದೆ. ನಾಬಿಂತು ಒಯ್ಯಲು ಒಪ್ಪಿರಲಿಲ್ಲ.

“ಕೋಳಿ ಹೇಳ್ಲಿ ಹಂಗಾದ್ರೆ,” ಎಂದಳು ಕೊರೊತುಮು ಆ ದಿನ.

ನಮ್ಮ ಕಡೆ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಬೀಜ ಮೇದ ಕೋಳಿಯ ಮೊಟ್ಟೆಯನ್ನು ಕೆಲವು ದಿನ ಇಟ್ಟು ಒಡೆದರೆ, ಹಳದಿಯಿರಬೇಕಾದಲ್ಲಿ ಪಾಚಿಹಸಿರು ಇರುತ್ತದೆ.

“ನಿನ್ನ ಹಿಟ್ಟು ತಿಂದ ಕೋಳಿ ಮೊಟ್ಟೇಲಿ ಹಳದಿ ಬಂದ್ರೆ ನಾನೇ ಶಾಲೆ ಮುಂದೆ ಕೂತು ವಡೆ ತಿಂತೀನಿ, ಎರಡನೆಯವಳ ಸುದ್ದಿ ಎತ್ತಲ್ಲ. ಹಸಿರು ಬಂತೋ, ನೀನು ಕೋಲಾ ಹೊತ್ಕೊಂಡು ಹೋಗ್ಬೇಕು.”

“ಆಗ್ಲಿ,” ಎಂದಳು ನಾಬಿಂತು. ಬೀಜಗಳನ್ನು ಅವಳೇ ಸೀಳಿದ್ದಳು. ಹೆದರಿಕೆ ಏಕೆ?

“ನನ್ನ ಹಣೆಬರಹ ಕೋಳಿ ಕೈಗೆ ಹೋಯ್ತಾ?” ಎಂದ ಡೋಸೊಂಗಿ. ಇಬ್ಬರೂ ಅವನತ್ತ ನೋಡಲಿಲ್ಲ.

ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ಕಾದ ಹಾಗೆ ಯಾರೂ ಕಳ್ಳರನ್ನು ಕಾದಿರಲಿಕ್ಕಿಲ್ಲ. ಕೆಂಪು ಕೋಳಿಯನ್ನು ಬುಟ್ಟಿಯಡಿ ಹಾಕಿ ಮೇಲೆ ಬೀಸುವ ಕಲ್ಲಿಟ್ಟರು. ಹಿಟ್ಟಿನ ಡಬ್ಬಿಗೆ ನಾಬಿಂತು ಬೀಗ ಹಾಕಿದಳು. ಬೀಗದ ಮೇಲೆ ಕೊರೊತುಮು ತನಗೆ ಮಾತ್ರ ಬಿಚ್ಚಲು ಬರುವ ಗಂಟು ಹಾಕಿದಳು. ಕೋಳಿಗೆ ಆ ಹಿಟ್ಟು ಹಾಕುವಾಗ ಇಬ್ಬರೂ ಇರಬೇಕು. ಇಟ್ಟ ಮೊಟ್ಟೆಗೆ ಇಬ್ಬರೂ ಇದ್ದಿಲಿನಲ್ಲಿ ಒಂದೊಂದು ಗೀರು ಎಳೆಯಬೇಕು. ಮುದುಕಿ ಸೆರಗಿನಲ್ಲಿ ಮಾಮೂಲಿ ಬೀಜ ಕಟ್ಟಿಕೊಂಡು ಬಂದಾಳೆಂದು ನಾಬಿಂತು ಅವಳ ಕೈಯನ್ನೇ ನೋಡುತ್ತಿದ್ದಳು. ಸೊಸೆ ಡಬ್ಬಿಯಲ್ಲಿ ಜೋಳದ ಹಿಟ್ಟು ತುಂಬಿರಬಹುದೆಂದು ಮುದುಕಿ ದಿನಾ ಒಂದು ಚಿಟಿಕೆ ನಾಲಿಗೆಗಿಟ್ಟು ಉಗಿಯುತ್ತಿದ್ದಳು.

ಮೊಟ್ಟೆಗಳು ಬೂದಿಯ ಗಡಿಗೆಯಲ್ಲಿ ಕೂತವು. ಮೂರನೆಯ ವಾರದ ಮಂಗಳವಾರ ಬೆಳಿಗ್ಗೆ ಕೊರೊತುಮು ಎರಡು ಗೀರಿನ ಒಂದು ಮೊಟ್ಟೆ ತೆಗೆದು ಬಿಳಿ ಬಟ್ಟಲಿನ ಅಂಚಿಗೆ ಕುಟ್ಟಿದಳು.

ಹಸಿರು.

ಇನ್ನೊಂದು ಒಡೆದಳು. ಅದೂ ಹಸಿರೇ. ಗೆದ್ದವಳು ಕುಣಿಯುತ್ತಾಳೆಂದು ನಾಬಿಂತು ಕಾದಳು. ಕೊರೊತುಮು ಕುಣಿಯಲಿಲ್ಲ. ಬಟ್ಟಲನ್ನೇ ನೋಡುತ್ತ, “ನನ್ನ ಮಗ ಎಷ್ಟು ತಿಂದನೇ ಇದನ್ನ?” ಎಂದಳು.

ನಾಬಿಂತು ಸೈಕಲ್ ಹತ್ತಿದಳು. ಮುದುಕಿ ಹೇಗೋ ಮೋಸ ಮಾಡಿದ್ದಾಳೆ ಅಂತ ದಾರಿಯುದ್ದಕ್ಕೂ ಬೈದುಕೊಂಡಳು. ಬೀಗ, ಗಂಟು, ಕಲ್ಲು, ಗೀರು ಒಂದೊಂದಾಗಿ ನೆನೆದಳು. ಕೈ ತೂರಿಸಲು ಎಲ್ಲೂ ಸಂದಿರಲಿಲ್ಲ. ಕೇಂದ್ರದ ಗೇಟು ಬರುವಷ್ಟರಲ್ಲಿ ಬೈಗುಳ ಮುಗಿದು ಭಯ ಹತ್ತಿತ್ತು.

ಮನೆಗೆ ತಂದ ಹಿಟ್ಟೆಲ್ಲ ಏಳನೇ ಮೂಟೆಯದು. ಶಾಲೆಗೆ ಹೋದದ್ದೂ ಅದೇ. ಮೂಟೆಯಲ್ಲಿ ಇನ್ನೂ ಅರ್ಧ ಬೀಜ ಉಳಿದಿತ್ತು. ಹಿಂದೆ ಅವಳು ಮೂಟೆಯ ಬಾಯಿಂದ ನೂರು ತೆಗೆದು ಸೀಳಿದ್ದಳು, ಎಲ್ಲ ಶುದ್ಧವಿದ್ದವು. ಈಗ ಮೂಟೆಯನ್ನೇ ನೆಲಕ್ಕೆ ಸುರಿದು, ರಾಶಿಯ ಅಲ್ಲಿಂದ ಇಲ್ಲಿಂದ ನೂರು ಆರಿಸಿ ಕೂತಳು. ಮೂರನೆಯ ಬೀಜದಲ್ಲೇ ಚುಕ್ಕೆ ಕಂಡಿತು. ನೂರು ಮುಗಿದಾಗ ಚುಕ್ಕೆಯವು ಮೂವತ್ತೊಂದಾಗಿದ್ದವು.

ಹೇಗೆ ಸೇರಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರದಲ್ಲಿ ಮಾಮೂಲಿ ಹತ್ತಿ ಹಾಕಿದ ಮೇಲೆ, ಹೊಸ ತಳಿ ಹಾಕುವ ಮುಂಚೆ, ಬೀಜ ಬೀಳುವ ಕೆಳಗಿನ ಗುಂಡಿಯನ್ನು ಗುಡಿಸಿ ಗೋಡೆಯ ಹಾಳೆಗೆ ಸಹಿ ಮಾಡಬೇಕು. ಏಳನೇ ಮೂಟೆ ತುಂಬಿದ ದಿನ ಕೊರೊಗೊ ಪೇಟೆಯಲ್ಲಿ ಮಕ್ಕಳಾಗದವರನ್ನು ನೋಡುವ ನರ್ಸಮ್ಮ ಬರುವ ದಿನ. ಪೇಟೆಗೆ ಹೋಗುವ ವ್ಯಾನ್ ಹಾರನ್ ಹೊಡೆಯುತ್ತಿತ್ತು. ನಾಬಿಂತು ಮೊದಲು ಸಹಿ ಹಾಕಿದಳು, ಬಂದ ಮೇಲೆ ಗುಡಿಸೋಣ ಅಂದುಕೊಂಡಳು. ಬರುವಷ್ಟರಲ್ಲಿ ಯಂತ್ರ ಓಡಿ ನಿಂತಿತ್ತು, ಮೂಟೆಯ ಬಾಯಿ ಹೊಲಿದಾಗಿತ್ತು. ಮಗುವಿಗಾಗಿ ಓಡಿದ ದಿನವೇ ಗಂಡನಿಗೆ ವಿಷ ಕಟ್ಟಿಟ್ಟಿದ್ದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಡಾಕ್ಟರ್ ಸಿಲುಯೆ ಕೋಳಿಯ ಕಥೆ ಕೇಳಿ ಕನ್ನಡಕ ತೆಗೆದ.

“ನಿನ್ನತ್ತೆ ಬೇರೆ ಏನೋ ತಿನ್ಸಿರ್ತಾಳೆ. ಊರಲ್ಲಿ ನನ್ನ ತಳಿ ಕಂಡ್ರಾಗದವರು ಬಹಳ ಜನ ಇದ್ದಾರೆ. ನಿನ್ನ ತಲೆಗೆ ಯಾರು ತುಂಬಿದ್ರು ಇದನ್ನ?”

“ನಾನೂ ಅತ್ತೆ ಮೇಲೇ ಅನುಮಾನಪಟ್ಟೆ ಸಾರ್. ಅದಕ್ಕೇ ಬೀಗ ಹಾಕಿದ್ದೆ.”

ಸೀಳಿದ ಬೀಜಗಳ ತಟ್ಟೆಯನ್ನು ಅವನ ಮುಂದಿಟ್ಟಳು. ಅವನು ಒಂದೊಂದನ್ನೂ ಮಸೂರದ ಕೆಳಗೆ ತಂದು ನೋಡಿದ. ತಳಿಯೇ ಕೈಕೊಟ್ಟಿತೇ ಎಂದು ಮತ್ತೆ ಮೊದಲಿನಿಂದ ಎಣಿಸಿದ. ಅವಳು ಸುಮ್ಮನಿದ್ದಿದ್ದರೆ ಅದನ್ನೇ ನಂಬುತ್ತಿದ್ದನೇನೋ.

“ತಳಿದು ತಪ್ಪಿಲ್ಲ ಸಾರ್. ಗುಂಡಿ ಗುಡಿಸಿರ್ಲಿಲ್ಲ. ಗುಡಿಸದೇ ಸಹಿ ಹಾಕಿದ್ದೆ. ನಾನೇ.”

ಅವನು ಮೊದಲು ಶಾಲೆಗೆ ಫೋನ್ ಮಾಡಿ ಹಿಟ್ಟಿನ ಚೀಲ ಮುಟ್ಟಬಾರದೆಂದ. ಆಮೇಲೆ ಸೀಳಿದ ಬೀಜಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಎಂಟು ವರ್ಷ ನಾಬಿಂತು. ಇನ್ನು ಈ ಊರಲ್ಲಿ ಯಾರು ನಂಬ್ತಾರೆ?” ಎಂದ. ಬೈಯಲಿಲ್ಲ. “ಕೋಣೆ ಕೀಲಿ ಇಟ್ಟು ಹೋಗು.”

ಮನೆಗೆ ಬಂದಾಗ ಕೋಲಾ ಬೀಜಗಳು ಎಲೆಯಲ್ಲಿ ಕಟ್ಟಿ ಸಿದ್ಧವಾಗಿದ್ದವು. ನಾಬಿಂತು ಒಂದನ್ನೂ ಮುಚ್ಚಿಡದೆ ಅತ್ತೆಗೆ ಹೇಳಿದಳು. ಗುಂಡಿ, ಸಹಿ, ನರ್ಸಮ್ಮ, ಕೀಲಿ ಎಲ್ಲ.

“ಹೀಗನ್ನು ಅಂತ ಡಾಕ್ಟರ್ ಹೇಳ್ಕೊಟ್ನಾ?”

“ಕೆಲಸ ಕಳ್ಕೊಳ್ಳೋದು ಯಾರಾದ್ರೂ ಹೇಳ್ಕೊಡ್ತಾರಾ ಅತ್ತೆ?”

ನಾಬಿಂತು ತಲೆಬಟ್ಟೆ ಬಿಗಿದು, ಎಲೆಯ ಗಂಟನ್ನು ಎತ್ತಿಕೊಂಡು ಅಂಗಳ ದಾಟಿದಳು. ಮಾತು ಕೊಟ್ಟಾಗಿತ್ತು. ಅಳಬಾರದೆಂದುಕೊಂಡಿದ್ದಳು, ಆದರೂ ಕಣ್ಣು ತುಂಬಿತು.

“ನಿಲ್ಲು,” ಎಂದಳು ಹಿಂದಿನಿಂದ ಕೊರೊತುಮು. “ಆ ಹಿಟ್ಟು ಬಿಡಿಸಿದ್ರೆ ಕೋಳಿ ಮೊಟ್ಟೆ ಹಳದಿಯಾಗೋಕೆ ಎಷ್ಟು ದಿನ ಬೇಕು?”

“ಗೊತ್ತಿಲ್ಲ. ಕೆಲವು ವಾರ.”

“ಮನುಷ್ಯನಿಗೆ?”

ನಾಬಿಂತು ತಿರುಗಿ ನೋಡಿದಳು. ಮುದುಕಿಯ ಮುಖ ಎಂದಿನಂತೆಯೇ ಗಂಟಿಕ್ಕಿತ್ತು.

“ಅದೂ ಗೊತ್ತಿಲ್ಲ ಅತ್ತೆ.”

“ಮತ್ತೆ ಏಳು ವರ್ಷ ಅಲ್ಲಿ ಏನು ಕಲ್ತೆ?” ಎನ್ನುತ್ತ ಕೊರೊತುಮು ಅವಳ ಕೈಯಿಂದ ಗಂಟನ್ನು ಕಿತ್ತುಕೊಂಡಳು. “ಮೊದಲು ಮೊಟ್ಟೆ ಹಳದಿಯಾಗ್ಲಿ, ಆಮೇಲೆ ನೋಡೋಣ.”

ಮಾರನೆಯ ಬೆಳಿಗ್ಗೆ ಬುಟ್ಟಿಯಡಿಯ ಕೋಳಿಗೆ ಇಬ್ಬರೂ ಸೇರಿ ನವಣೆ ಹಾಕಿದರು. ಬೀಸುವ ಕಲ್ಲನ್ನು ಮತ್ತೆ ಮೇಲಿಟ್ಟರು. ಆಮೇಲೆ ಕೊರೊತುಮು ನೀರಿನ ಹರವಿಯ ಪಕ್ಕ ಕೂತು, ಕೋಲಾ ಗಂಟು ಬಿಚ್ಚಿ ಹತ್ತೂ ಬೀಜಗಳನ್ನು ಒರೆಸಿ, ಒಣಗದ ಹಾಗೆ ಹೊಸ ಒದ್ದೆ ಎಲೆಯಲ್ಲಿ ಸುತ್ತಿಟ್ಟಳು.