ಸುಮ್ಮನೆ ನೋಡು

ಜಹನಾರಾ ಹಸಿರು ರವಿಕೆಯ ಎಡತೋಳನ್ನು ಕತ್ತರಿಯಿಂದ ಉದ್ದಕ್ಕೂ ಸೀಳಿದಳು. ಊದಿಕೊಂಡ ಕೈ ಅದರೊಳಗೆ ಹೋಗುತ್ತಿರಲಿಲ್ಲ.

"ಇಪ್ಪತ್ತು ವರ್ಷದಿಂದ ಈ ಕೈ ಅಳತೆ ತಗೊಂಡಿದೀನಿ, ಇಂಚರಾ. ಹನ್ನೆರಡು ಇಂಚು ಯಾವತ್ತೂ ದಾಟಿರ್ಲಿಲ್ಲ."

ಇಂಚರಾ ತಾಯಿ ಅಂಬುಜಾಳ ಭುಜವನ್ನು ಎತ್ತಿ ಹಿಡಿದಿದ್ದಳು. ಅಂಬುಜಾ ಆ ಬೆಳಿಗ್ಗೆ ತೀರಿಕೊಂಡಿದ್ದಳು. ಮೈಲಿಗೆಯ ಮಾತೆತ್ತಲು ಬಂದ ಸೋದರತ್ತೆಯನ್ನು ಇಂಚರಾ ಬಾಗಿಲಿನಿಂದಲೇ ವಾಪಸು ಕಳಿಸಿದ್ದಳು. ಲಿಂಗರಾಜಪುರದಿಂದ ಆಟೋ ಹಿಡಿದು ಓಡಿಬಂದ ಈ ದರ್ಜಿ ಹೆಂಗಸಿಗಿಂತ ತಾಯಿಯ ಮೈ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಹೊರಮಾವಿನ ಆ ಮನೆಯ ಹಾಲಿನಲ್ಲಿ ಅಂಬುಜಾಳ ಗಂಡ ಅನಂತರಾಮು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಬಂದವರು, ಅಂದಿನಿಂದ ಪ್ರತಿ ಭಾನುವಾರ ಇದೇ ಹಾಲಿನಲ್ಲಿ ಬುದ್ಧನ ಧ್ಯಾನವನ್ನು ಕಲಿಸುತ್ತಿದ್ದರು. ಶಿಷ್ಯರು ಹನ್ನೊಂದು ಜನ ಬಂದಿದ್ದರು.

"ಸರ್ ಮುಖ ನೋಡಿ," ಎಂದು ಪಿಸುಗುಟ್ಟಿದ ಅವರ ಮುಂದಾಳು ಭಾರ್ಗವ್. "ಒಂದು ಹನಿ ನೀರಿಲ್ಲ ಕಣ್ಣಲ್ಲಿ. ಇದು ಪ್ರಾಕ್ಟೀಸ್ ಅಂದ್ರೆ."

ಆಮೇಲೆ ಕೋಣೆಯ ಬಾಗಿಲಿಗೆ ಬಂದು, "ಇಂಚರಾ, ಒಂದ್ ರಿಕ್ವೆಸ್ಟ್. ಒಳಗೆ ಜೋರಾಗಿ ಅಳೋದು ಬೇಡ ಅಂತ ಹೇಳ್ತೀರಾ? ಸರ್‌ಗೆ ಡಿಸ್ಟರ್ಬ್ ಆಗತ್ತೆ" ಎಂದ.

"ಅಳ್ತಾ ಇರೋಳು ನಾನು," ಎಂದಳು ಜಹನಾರಾ, ಸೀಳಿದ ತೋಳನ್ನು ಹೊಲಿದು ಮುಗಿಸಿ ದಾರವನ್ನು ಹಲ್ಲಿನಿಂದ ಕಡಿಯುತ್ತ. "ನಿಮ್ ಸರ್‌ಗೆ ಹೇಳಪ್ಪಾ. ಅವರ ಹೆಂಡ್ತಿ ಸತ್ತಿದಾರೆ."

*

ಹಿಂದಿನ ವರ್ಷ ಫೆಬ್ರವರಿಯ ಒಂದು ಭಾನುವಾರ ಅನಂತರಾಮು ನಿತ್ಯದ ಕೆಲಸಗಳಲ್ಲಿ ಎಚ್ಚರದಿಂದಿರುವ ಬಗ್ಗೆ ಪಾಠ ಮಾಡಿದ್ದರು. ನಲ್ಲಿಯ ನೀರು ಬೆರಳಿಗೆ ತಾಕುವುದನ್ನು ಗಮನಿಸಿ, ಪಾತ್ರೆ ತಿಕ್ಕುವುದೂ ಧ್ಯಾನವೇ ಎಂದಿದ್ದರು. ಎಲ್ಲರೂ ಹೋದ ಮೇಲೆ ಅಂಬುಜಾ ಹನ್ನೆರಡು ಲೋಟಗಳನ್ನು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ರೀ, ಎಡಗಡೆ ಎದೆಯಲ್ಲಿ ಏನೋ ಗಟ್ಟಿಯಾಗಿ ಸಿಗ್ತಾ ಇದೆ. ಹುಣಿಸೆಬೀಜದಷ್ಟು."

"ನೋವಿದೆಯಾ?"

"ಇಲ್ಲ. ಭಯ ಇದೆ."

ಅವರು ನಕ್ಕರು. ಅವರ ನಗು ಮೃದುವಾಗಿತ್ತು. "ಭಯಾನೂ ಸುಮ್ಮನೆ ನೋಡು, ಗಂಟನ್ನೂ ಸುಮ್ಮನೆ ನೋಡು. ಹೆಸರಿಡೋಕೆ ಹೋಗ್ಬೇಡ. ಬಂದದ್ದು ಹೋಗತ್ತೆ."

ಅಂಬುಜಾ ಗಂಡನ ತರಗತಿಯಲ್ಲಿ ಒಂದು ದಿನವೂ ಕೂತವಳಲ್ಲ. ಆ ಹೊತ್ತಿಗೆ ಅವಳಿಗೆ ಅಡುಗೆಮನೆಯಲ್ಲಿ ಕೆಲಸವಿರುತ್ತಿತ್ತು. ಆದರೆ ಯಾವ ಶಿಷ್ಯನಿಗೆ ಸಕ್ಕರೆ ಆಗದು, ಯಾರ ತಾಯಿಗೆ ಆಪರೇಷನ್ ಆಗಿದೆ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಗಂಡ ತನಗೆಂದೇ ಹೇಳಿಕೊಟ್ಟ ಮೊದಲ ಪಾಠವಿದು. ಅದನ್ನವಳು ಶ್ರದ್ಧೆಯಿಂದ ಮಾಡಿದಳು. ದಿನಾ ಸ್ನಾನದ ಮನೆಯಲ್ಲಿ ಬೆರಳಿಟ್ಟು ಸುಮ್ಮನೆ ನೋಡಿದಳು. ಎಂಟು ತಿಂಗಳು.

ದಸರೆಗೆ ರವಿಕೆ ಹೊಲಿಸಲು ಹೋದಾಗ ಜಹನಾರಾಳ ಟೇಪು ನಿಂತುಬಿಟ್ಟಿತು.

"ಅರೇ, ಇದೇನಿದು ಅಂಬುಜಮ್ಮಾ?"

"ನೋಡ್ತಾ ಇದೀನಿ."

"ಏನ್ ನೋಡೋದು? ಚಪ್ಪಲಿ ಹಾಕ್ಕೊಳ್ಳಿ."

ಅಂಗಡಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ಡಾಕ್ಟರು ಕಾಗದಗಳನ್ನು ನೋಡಿ, ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಬರುವ ದಾರಿಯಲ್ಲಿ ಆಟೋದಲ್ಲಿ ಅಂಬುಜಾ ಗಂಡ ಅಂದದ್ದನ್ನೆಲ್ಲ ತಿಳಿಸಿ, ಜಹನಾರಾಳ ಕೈ ಹಿಡಿದುಕೊಂಡು, "ಇಂಚರಾಗೆ ಫೆಬ್ರವರಿ ಮಾತು ಹೇಳ್ಬೇಡ. ಅವಳು ಅಪ್ಪನ ಮುಖ ನೋಡೋದು ಬಿಟ್ಬಿಡ್ತಾಳೆ" ಎಂದಳು.

ಜಹನಾರಾ ಹೇಳಲಿಲ್ಲ. ಸಾಯುವ ತಿಂಗಳಲ್ಲಿ, ಮಾರ್ಫಿನ್ನಿನ ಮಂಪರಿನಲ್ಲಿ, ಅಂಬುಜಾ ತಾನೇ ಮಗಳಿಗೆ ಎಲ್ಲ ಹೇಳಿಬಿಟ್ಟಳು.

*

ಚಿತಾಗಾರದ ಕಿಟಕಿಯೊಳಗಿನ ಗುಮಾಸ್ತ ಕನ್ನಡಕವನ್ನು ಮೇಲಕ್ಕೆ ಸರಿಸಿದ. "ಡಾಕ್ಟರ್ ಚೀಟೀಲಿ ಗಂಟೆ ಬರ್ದಿಲ್ಲ ಸರ್. ಎಷ್ಟೊತ್ತಿಗೆ ಹೋದ್ರು?"

ಅನಂತರಾಮು ಮಗಳ ಕಡೆ ತಿರುಗಿದರು.

"ಕೊನೇಲಿ ಜೊತೆಗೆ ಯಾರಿದ್ರು?"

"ನಾನಿದ್ದೆ."

"ಮತ್ತೆ ಹೇಳಿ ಸರ್. ಹಿಂದೆ ಇನ್ನೊಂದು ಗಾಡಿ ಬಂದಿದೆ."

ಇಂಚರಾ ಮುಂದೆ ಬಂದಳು. ರಾತ್ರಿಯೆಲ್ಲ ತಾಯಿಯ ತುಟಿಗೆ ನೀರು ಸವರುತ್ತ ಕೂತಿದ್ದವಳನ್ನು, ನಾನಿರ್ತೀನಿ ಮಲಗು ಎಂದು ಅಪ್ಪ ಐದು ಗಂಟೆಗೆ ಪಕ್ಕದ ಕೋಣೆಗೆ ಕಳಿಸಿದ್ದರು. ಆರೂವರೆಗೆ ಅವಳು ಎದ್ದು ಬಂದಾಗ ತಾಯಿಯ ಪಾದ ತಣ್ಣಗಾಗಿತ್ತು. ಮಂಚದ ಪಕ್ಕ, ಒಂದು ಮೊಳದ ದೂರದಲ್ಲಿ, ಅಪ್ಪ ಕಣ್ಣು ಮುಚ್ಚಿ ಕೂತೇ ಇದ್ದರು.

"ಐದರಿಂದ ಆರೂವರೆ ಒಳಗೆ ಯಾವ್ದಾದ್ರೂ ಬರ್ಕೊಳ್ಳಿ," ಎಂದಳು. "ಅಪ್ಪ ಪಕ್ಕದಲ್ಲೇ ಇದ್ರು. ತಮ್ ಉಸಿರು ತಾವು ನೋಡ್ಕೋತಾ ಇದ್ರು."

ಗುಮಾಸ್ತ ಆರು ಎಂದು ಬರೆದುಕೊಂಡ. ಅನಂತರಾಮು ಮಗಳ ಕಡೆ ಕೈ ಚಾಚಿದರು. ಅವಳು ಆಗಲೇ ತಾಯಿಯ ಚಟ್ಟದ ಹಿಂದೆ ಒಳಗೆ ಹೋಗಿದ್ದಳು. ಕಬ್ಬಿಣದ ಬಾಗಿಲು ಮೇಲೆದ್ದು ಕೆಳಗಿಳಿದ ಸದ್ದು ಕೇಳಿಸಿತು.

ಅವರ ಎದೆ ಏರಿತು, ಇಳಿಯಲಿಲ್ಲ. ಗೋಡೆ ಹಿಡಿದುಕೊಂಡು, ಶಿಷ್ಯರು ಕೂತಿದ್ದ ಸಿಮೆಂಟು ಬೆಂಚಿನವರೆಗೆ ಹೇಗೋ ನಡೆದರು.

"ಭಾರ್ಗವ್," ಎಂದರು. ಸ್ವರ ಹೊರಡಲಿಲ್ಲ.

ಹನ್ನೊಂದೂ ಜನ ಸಾಲಾಗಿ, ಬೆನ್ನು ನೆಟ್ಟಗೆ ಮಾಡಿ, ಅಂಗೈಗಳನ್ನು ತೊಡೆಯ ಮೇಲಿಟ್ಟು, ಅವರು ಕಲಿಸಿದ ಹಾಗೆಯೇ ಕಣ್ಣು ಮುಚ್ಚಿ ಕೂತಿದ್ದರು. ಅನಂತರಾಮು ಅವರೆದುರು ಮೊಣಕಾಲೂರಿ ಕುಸಿದರು. ಒಬ್ಬರ ರೆಪ್ಪೆಯೂ ಅಲುಗಲಿಲ್ಲ.